400 ಡಾಲರ್ ಕೊಟ್ಟರೆ ಪೊಲೀಸರನ್ನು ಕರೆಯಲ್ಲ

ಅಮೆರಿಕದ ಒಂದು ದೊಡ್ಡ ಅಂಗಡಿ. ಅದರ ಹಿಂದೆ ಕಿಟಕಿ ಇಲ್ಲದ ಚಿಕ್ಕ ರೂಮು. ಮೇಜಿನ ಮೇಲೆ ಒಂದು ಲಿಪ್‌ಸ್ಟಿಕ್. ಅದನ್ನು ಬ್ಯಾಗಿಗೆ ಹಾಕಿಕೊಂಡಿದ್ದ ಹುಡುಗಿ ಬೆವರುತ್ತಾ ಕೂತಿದ್ದಾಳೆ. ಸೆಕ್ಯುರಿಟಿಯವನು ವಿಡಿಯೊ ಹಾಕಿ ತೋರಿಸುತ್ತಾನೆ. ಸಾರ ಇಷ್ಟೇ: ಕಳ್ಳತನ ಬಿಡಿಸುವ ಆನ್‌ಲೈನ್ ಕೋರ್ಸ್ ಮಾಡಿದರೆ ಸರಿ, ಇಲ್ಲದಿದ್ದರೆ ಪೊಲೀಸ್. ಕೋರ್ಸಿನ ಫೀಸು 400 ಡಾಲರ್. ಕಂತಲ್ಲಾದರೆ 500.

ಹುಡುಗಿ ನನ್ನ ಕಲ್ಪನೆ. ಫೀಸು ಮಾತ್ರ ನಿಜ. 2010ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಶುರುವಾದ ಕರೆಕ್ಟಿವ್ ಎಜುಕೇಶನ್ ಕಂಪನಿ ಇದನ್ನೇ ವ್ಯಾಪಾರ ಮಾಡಿಕೊಂಡಿತ್ತು. ವಾಲ್‌ಮಾರ್ಟ್‌ನಂಥ ದೊಡ್ಡ ಅಂಗಡಿಗಳು ಅದರ ಜೊತೆಗಿದ್ದವು. ತಪ್ಪೊಪ್ಪಿಗೆಗೆ ಸಹಿಯನ್ನೂ ಹಾಕಿಸಿಕೊಳ್ಳುತ್ತಿದ್ದರು. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಅಟಾರ್ನಿ, ಅಂದರೆ ಆ ನಗರದ ಸರ್ಕಾರಿ ವಕೀಲರು, ಕಂಪನಿಯ ಮೇಲೆ ಕೇಸು ಹಾಕಿದರು. 2017ರಲ್ಲಿ ಜಡ್ಜ್ ಇದನ್ನು ಸುಲಿಗೆ ಎಂದೇ ಕರೆದರು. ಅದೇ ವರ್ಷದ ಕೊನೆಗೆ ವಾಲ್‌ಮಾರ್ಟ್ ಕೈಬಿಟ್ಟಿತು.

ನನಗೆ ಮೊದಲು ಈ ಐಡಿಯಾ ಇಷ್ಟವೇ ಆಗಿತ್ತು ನೋಡಿ. ಒಂದು ಲಿಪ್‌ಸ್ಟಿಕ್‌ಗೆ ಎಫ್‌ಐಆರ್, ವಕೀಲ, ವಾಯಿದೆ ಅಂತ ಯಾರನ್ನಾದರೂ ಯಾಕೆ ಅಲೆಸಬೇಕು? ನಮ್ಮ ಮಾವನ ಕಿರಾಣಿ ಅಂಗಡಿಯಲ್ಲಿ ಒಬ್ಬ ಹುಡುಗ ಬಿಸ್ಕೆಟ್ ಪೊಟ್ಟಣವನ್ನು ಅಂಗಿಯೊಳಗೆ ಸೇರಿಸಿ ಸಿಕ್ಕಿಬಿದ್ದಿದ್ದ. ಮಾವ ಹೊಡೆಯಲಿಲ್ಲ. ಸಾಲದ ಪುಸ್ತಕ ತೆಗೆದು "ನಿನ್ ಹೆಸರೇನೋ?" ಎಂದರು. ಹೆಸರಿನ ಮುಂದೆ ಹತ್ತು ರೂಪಾಯಿ ಬರೆದರು. "ಕೈಗೆ ಬಂದಾಗ ಕೊಡು." ಕಳ್ಳ ಹೋಗಿ ಸಾಲಗಾರ ಆದ, ಅಷ್ಟೇ! ಎರಡು ವಾರ ಬಿಟ್ಟು ಚಿಲ್ಲರೆ ತಂದು ಗಲ್ಲಾದ ಮೇಲೆ ಸುರಿದು ಓಡಿದ.

ಮಾವ ಮತ್ತು ಆ ಕಂಪನಿ ಇಬ್ಬರೂ ಪೊಲೀಸರನ್ನು ಕರೆಯಲಿಲ್ಲ. ಆದರೆ ಮಾವ ಹತ್ತು ರೂಪಾಯಿಗೆ ಹತ್ತೇ ಬರೆದರು, ಹೆದರಿಕೆಗೆ ಬೇರೆ ಬಿಲ್ ಹಾಕಲಿಲ್ಲ. ಅಲ್ಲಿ ಹೆದರಿಸುವವನೂ ಫೀಸು ಕೇಳುವವನೂ ಒಂದೇ ಕಡೆಯವರು. "ನಾನು ಕದ್ದೇ ಇಲ್ಲ" ಎಂದು ಯಾರ ಹತ್ತಿರ ಹೇಳುವುದು? ಆ ರೂಮಲ್ಲಿ ಜಡ್ಜ್ ಕೂತಿರಲ್ಲ, ಅಲ್ವಾ?

ನಮ್ಮಲ್ಲೂ ಒಂದು ದಾರಿ ತೆರೆದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ನೋಡಿ. ಕದ್ದ ಮಾಲು 5,000 ರೂಪಾಯಿಗಿಂತ ಕಮ್ಮಿ, ಮೊದಲ ಸಲದ ಶಿಕ್ಷೆ, ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟಿದ್ದಾರೆ. ಹಾಗಿದ್ದರೆ ಜೈಲಿಲ್ಲ, ಸಮುದಾಯ ಸೇವೆ. ಒಳ್ಳೆಯದೇ. ಆದರೆ ಅಲ್ಲಿಗೆ ತಲುಪುವ ಹೊತ್ತಿಗೆ ಕೋರ್ಟಿನ ಮೆಟ್ಟಿಲು ಸವೆದಿರುತ್ತದೆ. ಅದಕ್ಕೂ ಮೊದಲೇ ಒಂದು ಕ್ಲಾಸು ಇರಲಿ ಎನ್ನುತ್ತೇನೆ. ಅದನ್ನು ಸರ್ಕಾರ ನಡೆಸಲಿ, ಬಿಟ್ಟಿಯಾಗಿ. ಅಂಗಡಿಗೆ ಅದರಲ್ಲಿ ಒಂದು ಪೈಸೆ ಪಾಲೂ ಬೇಡ.

ಹಾಂ, ಅಮೆರಿಕದಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ಅಲ್ಲಿ ಕಳ್ಳತನದ ಕೇಸು ವೀಸಾಗೂ ಕುತ್ತು ತರಬಹುದು. ಹಾಗೆ ಹಿಂದಿನ ರೂಮಲ್ಲಿ ಕೂರಿಸಿ ಯಾರಾದರೂ ಕಾಗದ ಮುಂದಿಟ್ಟರೆ, ವಕೀಲರ ಹತ್ತಿರ ಮಾತಾಡದೆ ಸಹಿ ಮಾಡಬೇಡಿ.