ನಾಯಿ ಚಾಕೊಲೇಟ್ ತಿಂದಾಗ: ಮೊದಲು ಲೆಕ್ಕ, ಆಮೇಲೆ ಗಾಬರಿ

ಎಲ್ಲರಿಗೂ ನಮಸ್ಕಾರ.

ನಾಯಿ ಚಾಕೊಲೇಟ್ ತಿಂದಿತು ಎಂದು ಫೋನ್ ಮಾಡಿದರೆ ಪಶುವೈದ್ಯರು ಕೇಳುವುದು ಮೂರು ಪ್ರಶ್ನೆ. ನಾಯಿಯ ತೂಕ ಎಷ್ಟು? ಯಾವ ಚಾಕೊಲೇಟ್, ಎಷ್ಟು ತಿಂದಿದೆ? ತಿಂದು ಎಷ್ಟು ಹೊತ್ತಾಯಿತು? ಮನೆಯವರು ಮಾತ್ರ ಮೊದಲು ಹೇಳುವುದು, ‘ಈಗ ಆರಾಮಾಗಿದೆ ಡಾಕ್ಟ್ರೇ, ಬಾಲ ಅಲ್ಲಾಡಿಸ್ತಾ ಇದೆ’ ಅಂತ. ಮೊದಲ ಒಂದೆರಡು ಗಂಟೆ ಎಲ್ಲ ನಾಯಿಯೂ ಬಾಲ ಅಲ್ಲಾಡಿಸುತ್ತದೆ. ಲಕ್ಷಣ ಪೂರ್ತಿ ಎದ್ದು ಕಾಣುವುದು ಸಾಮಾನ್ಯವಾಗಿ 6ರಿಂದ 12 ಗಂಟೆಯೊಳಗೆ. ವಾಂತಿ ಮಾಡಿಸಿ ವಿಷ ಹೊರಹಾಕುವ ಒಳ್ಳೆಯ ಹೊತ್ತು ಅಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ ನಾಯಿಯ ಮುಖ ನೋಡಿ ತೀರ್ಮಾನ ಬೇಡ, ಲೆಕ್ಕ ಹಾಕಿ.

ವಿಷ ಇರುವುದು ಕೊಕ್ಕೋದಲ್ಲಿ. ಅದರ ಹೆಸರು ಥಿಯೋಬ್ರೊಮಿನ್, ಜೊತೆಗೆ ಸ್ವಲ್ಪ ಕೆಫೀನ್. ನಮ್ಮ ದೇಹ ಇದನ್ನು ಬೇಗ ಕರಗಿಸಿಬಿಡುತ್ತದೆ. ನಾಯಿಯ ರಕ್ತದಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು 17 ಗಂಟೆ ಬೇಕು. ಅದರ ಮೇಲೆ ಇನ್ನೊಂದು ತೊಡಕು: ಮೂತ್ರಕೋಶಕ್ಕೆ ಬಂದು ಸೇರಿದ ವಿಷ ಅಲ್ಲಿಂದಲೇ ಮತ್ತೆ ರಕ್ತಕ್ಕೆ ಸೇರಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ನಾಯಿಯನ್ನು ಮತ್ತೆ ಮತ್ತೆ ಉಚ್ಚೆಗೆ ಕರೆದೊಯ್ಯುವುದು, ಇಲ್ಲವೇ ನಳಿಕೆ ಹಾಕುವುದು ಇದಕ್ಕೇ. (ಬೆಕ್ಕಿಗೂ ಇದು ವಿಷವೇ. ಆದರೆ ಬೆಕ್ಕಿನ ನಾಲಿಗೆಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ, ಅದರಿಂದ ಬಚಾವ್.)

ಒಂದು ಗ್ರಾಮಿನಲ್ಲಿ ಇರುವ ವಿಷದ ಅಂದಾಜು ಬರೆದುಕೊಳ್ಳಿ. ಬಿಳಿ ಚಾಕೊಲೇಟಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಲಿನ ಚಾಕೊಲೇಟಿನಲ್ಲಿ 2.3 ಮಿಲಿಗ್ರಾಂ. ಸಾಧಾರಣ ಡಾರ್ಕ್ ಚಾಕೊಲೇಟಿನಲ್ಲಿ 5.5, ಹೊದಿಕೆಯ ಮೇಲೆ ಶೇಕಡಾ 70, 85 ಎಂದಿದ್ದರೆ ಇನ್ನೂ ಹೆಚ್ಚು. ಸಕ್ಕರೆ ಹಾಕದ ಬೇಕಿಂಗ್ ಚಾಕೊಲೇಟಿನಲ್ಲಿ 15. ಕೊಕ್ಕೋ ಪುಡಿಯಲ್ಲಿ 28ರವರೆಗೆ. ಇದನ್ನು ತಿಂದ ಗ್ರಾಮಿನಿಂದ ಗುಣಿಸಿ, ನಾಯಿಯ ತೂಕದಿಂದ ಭಾಗಿಸಿ. ಕಿಲೋ ತೂಕಕ್ಕೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಭೇದಿ, ಚಡಪಡಿಕೆ, ವಿಪರೀತ ಬಾಯಾರಿಕೆ. 40 ದಾಟಿದರೆ ಹೃದಯದ ಬಡಿತ ಏರುತ್ತದೆ, ತಾಳ ತಪ್ಪುತ್ತದೆ. 60ಕ್ಕೆ ಸೆಳವು. 100 ದಾಟಿದರೆ ಪ್ರಾಣದ ಮಾತು.

ಮನೆಯಲ್ಲಿ 30 ಕಿಲೋ ಲ್ಯಾಬ್ರಡಾರ್ ಒಂದು, 4 ಕಿಲೋ ಪೊಮೇರಿಯನ್ ಒಂದು ಇದೆ ಎನ್ನಿ. 40 ಗ್ರಾಂ ಹಾಲಿನ ಚಾಕೊಲೇಟ್ ತಿಂದರೆ ಲ್ಯಾಬ್‌ಗೆ ಕಿಲೋಗೆ ಬೀಳುವುದು 3 ಮಿಲಿಗ್ರಾಂ, ಏನೂ ಆಗುವುದಿಲ್ಲ. ಪೊಮೇರಿಯನ್‌ಗೆ 23, ವಾಂತಿ ಆಗಬಹುದು. ಅದೇ 100 ಗ್ರಾಂ ಡಾರ್ಕ್ ಆದರೆ ಲ್ಯಾಬ್‌ಗೆ 18, ಪೊಮೇರಿಯನ್‌ಗೆ 137. ಜನರಿಗೆ ಲೆಕ್ಕ ತಪ್ಪುವುದು ಕೇಕಿನಲ್ಲಿ. ‘ಒಂದು ತುಂಡು ಕೇಕ್ ಅಷ್ಟೇ’ ಅನ್ನುತ್ತಾರೆ. ಮನೆಯಲ್ಲಿ 50 ಗ್ರಾಂ ಕೊಕ್ಕೋ ಪುಡಿ ಹಾಕಿ ಮಾಡಿದ ಕೇಕಿನಲ್ಲಿ 1400 ಮಿಲಿಗ್ರಾಂವರೆಗೆ ವಿಷ ಇರಬಹುದು. ಕಾಲು ಭಾಗ ತಿಂದ 10 ಕಿಲೋ ನಾಯಿಗೆ ಕಿಲೋಗೆ 35 ಬಿತ್ತು. ತಿಂದದ್ದು ಎಷ್ಟೆಂದು ಗೊತ್ತಿಲ್ಲದಿದ್ದರೆ ಪ್ಯಾಕೆಟ್ ಪೂರ್ತಿ ತಿಂದಿದೆ ಎಂದೇ ಹಿಡಿಯಿರಿ. ಎರಡು ನಾಯಿ ಇದ್ದರೆ ಪೂರ್ತಿಯನ್ನು ಸಣ್ಣ ನಾಯಿಯೇ ತಿಂದಿದೆ ಎಂದು ಲೆಕ್ಕ ಹಾಕಿ.

ದಕ್ಷಿಣ ಕನ್ನಡದವರಿಗೆ ಒಂದು ಮಾತು ಹೆಚ್ಚು. ಪುತ್ತೂರಿನ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ, ಅಡಕೆ ತೋಟದ ನಡುವೆ ಕೊಕ್ಕೋ ಬೆಳೆಯುವವರು ಬಹಳ. ಅಂಗಳದಲ್ಲಿ ಒಣಹಾಕಿದ ಬೀಜದಲ್ಲಿ ಗ್ರಾಮಿಗೆ 10ರಿಂದ 50 ಮಿಲಿಗ್ರಾಂವರೆಗೆ ವಿಷ ಇರಬಹುದು, ಅಂದರೆ ಅಂಗಡಿಯ ಡಾರ್ಕ್ ಚಾಕೊಲೇಟಿಗಿಂತ ಎಷ್ಟೋ ಜೋರು. ಬೀಜದ ಸಿಪ್ಪೆಯಲ್ಲೂ 5ರಿಂದ 9 ಇದೆ. ಅದನ್ನು ಗಿಡದ ಬುಡಕ್ಕೆ ಹಾಕುವವರು ನಾಯಿ ಬಾಯಿ ಹಾಕದಂತೆ ನೋಡಿಕೊಳ್ಳಬೇಕು. ನಾಯಿ ಹಸಿ ಬೀಜದ ಸಿಹಿ ಲೋಳೆಗೂ ಬರುತ್ತದೆ.

ಈಗ ಕೆಲಸ. ಉಳಿದ ಚಾಕೊಲೇಟ್ ತೆಗೆದಿಡಿ, ಹೊದಿಕೆ ಎಸೆಯಬೇಡಿ, ಗಡಿಯಾರ ನೋಡಿ ಹೊತ್ತು ಬರೆದಿಡಿ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ನಾಯಿಯ ತೂಕ ಸಿಗುತ್ತದೆ. ಹೊದಿಕೆಯಲ್ಲಿ ಸಕ್ಕರೆರಹಿತ ಎಂದಿದ್ದರೆ ಸಿಹಿಕಾರಕದ ಸಂಖ್ಯೆ ಓದಿ. 965 ಎಂದರೆ ಮಾಲ್ಟಿಟಾಲ್, ಹೆಚ್ಚೆಂದರೆ ಭೇದಿ. 967 ಎಂದರೆ ಕ್ಸೈಲಿಟಾಲ್. ಅದಾದರೆ ಮೇಲಿನ ಲೆಕ್ಕವೆಲ್ಲ ಬಿಟ್ಟು ತಕ್ಷಣ ಹೊರಡಿ. ಅರ್ಧ-ಒಂದು ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು. ಒಣದ್ರಾಕ್ಷಿ ಇದ್ದರೂ ವೈದ್ಯರಿಗೆ ಹೇಳಲೇಬೇಕು, ಅದು ಮೂತ್ರಪಿಂಡ ಕೆಡಿಸುತ್ತದೆ.

ಕಿಲೋಗೆ 20ರ ಆಸುಪಾಸು ಬಂದರೆ ವೈದ್ಯರಿಗೆ ಫೋನ್ ಮಾಡುತ್ತಲೇ ಗಾಡಿ ಹತ್ತಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಊರಿನ ಹತ್ತಿರ ರಾತ್ರಿ ಯಾರು ಬಾಗಿಲು ತೆರೆಯುತ್ತಾರೆ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ಮನೆಯಲ್ಲಿ ಮಾಡಬಾರದ್ದು ಮಾಡುವುದಕ್ಕಿಂತ ಜಾಸ್ತಿ ಇದೆ. ಉಪ್ಪುನೀರು ಕುಡಿಸಬೇಡಿ. ವಾಂತಿ ಆಗದಿದ್ದರೆ ಆ ಉಪ್ಪೇ ರಕ್ತಕ್ಕೆ ಸೇರಿ ಮಿದುಳಿಗೆ ಪೆಟ್ಟು ಕೊಡುತ್ತದೆ. ಗಂಟಲಿಗೆ ಬೆರಳು ಹಾಕಿದರೆ ನಾಯಿ ಕಚ್ಚುತ್ತದೆ, ವಾಂತಿ ಆಗುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ಎಂದು ಇಂಟರ್ನೆಟ್ಟಿನಲ್ಲಿ ಓದಿರುತ್ತೀರಿ. ಅಲ್ಲಿ ಹೇಳುವುದು ಶೇಕಡಾ 3ರದ್ದು. ನಮ್ಮ ಮೆಡಿಕಲ್ ಶಾಪಿನ ಸೀಸೆ ಸಾಮಾನ್ಯವಾಗಿ ಶೇಕಡಾ 6ರದ್ದು, ಹೊಟ್ಟೆಯ ಒಳಪದರ ಸುಟ್ಟು ರಕ್ತವಾಂತಿ ಆಗಬಹುದು. ಹಾಲು, ಮಜ್ಜಿಗೆ, ಎಳನೀರು ಇದಕ್ಕೆ ಮದ್ದಲ್ಲ. ಒಲೆಯ ಇದ್ದಿಲು ಅರೆದು ಕುಡಿಸುವವರೂ ಇದ್ದಾರೆ. ಆಸ್ಪತ್ರೆಯ ಆಕ್ಟಿವೇಟೆಡ್ ಚಾರ್‌ಕೋಲ್ ಬೇರೆ, ಇದು ಬೇರೆ. ನಡುಗುತ್ತಿರುವ, ಮಂಪರಾಗಿರುವ ನಾಯಿಯ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಈ ಅಪಾಯ ಇನ್ನೂ ಹೆಚ್ಚು.

ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟು ವಾಂತಿ ಮಾಡಿಸುತ್ತಾರೆ. ಮೊದಲ 2 ಗಂಟೆ ಒಳ್ಳೆಯ ಸಮಯ. ಚಾಕೊಲೇಟ್ ಹೊಟ್ಟೆಯಲ್ಲಿ ಉಂಡೆಕಟ್ಟಿ ನಿಲ್ಲುವುದರಿಂದ 6 ಗಂಟೆ ಕಳೆದ ಮೇಲೂ ಒಮ್ಮೊಮ್ಮೆ ಬರುತ್ತದೆ, ‘ತಡವಾಯಿತು, ಇನ್ನೇಕೆ’ ಎಂದು ಮನೆಯಲ್ಲಿ ಕೂರಬೇಡಿ. ಆಮೇಲೆ ಚಾರ್‌ಕೋಲ್, ಕಿಲೋಗೆ 1ರಿಂದ 2 ಗ್ರಾಂ. ವಿಷ ಪಿತ್ತದ ಮೂಲಕ ಕರುಳಿಗೆ ಮರಳುವುದರಿಂದ ಕೆಲವು ಗಂಟೆಗೊಮ್ಮೆ ಮತ್ತೆ ಕೊಡಬೇಕಾಗಬಹುದು. ಜೊತೆಗೆ ಡ್ರಿಪ್. ಸೆಳವಿಗೆ ಡಯಜೆಪಾಮ್, ಓಡುವ ಹೃದಯಕ್ಕೆ ಪ್ರೊಪ್ರನೊಲಾಲ್ ಥರದ ಮದ್ದು. ಇದಕ್ಕೆ ಪ್ರತಿವಿಷ ಅಂತ ಒಂದಿಲ್ಲ, ವಿಷ ಇಳಿಯುವ ತನಕ ನಾಯಿಯನ್ನು ಕಾಯುವುದೇ ಚಿಕಿತ್ಸೆ. ಜೋರಾಗಿ ತಿಂದಿದ್ದರೆ ಅದು 72 ಗಂಟೆ ಹಿಡಿಯಬಹುದು. ನಾಯಿಗೆ ಎರಿತ್ರೊಮೈಸಿನ್ ಅಥವಾ ಸಿಮೆಟಿಡಿನ್ ಮಾತ್ರೆ ನಡೆಯುತ್ತಿದ್ದರೆ ಹೇಳಿ, ಅವು ವಿಷ ಕರಗುವುದನ್ನು ತಡೆಯುತ್ತವೆ.

ಮನೆಗೆ ಬಂದ ಮೇಲೆ ಒಂದು ದಿನ ಮೆತ್ತನೆ ಅನ್ನ, ಬೇಯಿಸಿದ ಕೋಳಿ, ಎಣ್ಣೆ ತುಪ್ಪ ಇಲ್ಲದೆ. ಮೂರ್ನಾಲ್ಕು ದಿನ ಕಣ್ಣಿಟ್ಟಿರಿ. ಚಾಕೊಲೇಟಿನ ಕೊಬ್ಬಿನಿಂದ ಮೇದೋಜೀರಕ ಗ್ರಂಥಿ ಊದುವುದು ತಡವಾಗಿ. ನಾಯಿ ಮತ್ತೆ ವಾಂತಿ ಮಾಡುತ್ತಾ, ಊಟ ಬಿಟ್ಟು, ಬೆನ್ನು ಗೂನು ಮಾಡಿ ನಿಂತರೆ, ಅಥವಾ ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿಕೊಂಡೇ ಇದ್ದರೆ ಹೊಟ್ಟೆನೋವು ಎಂದು ತಿಳಿದು ಅದೇ ವೈದ್ಯರಲ್ಲಿಗೆ ವಾಪಸ್ ಕರೆದೊಯ್ಯಿರಿ.