ಹೊಸ್ತಿಲ ಕಾವಲು

ಕೇಳುಗರಿಗೆ ನಮಸ್ಕಾರ.

ಕಡಿಮೆ ವಸ್ತುಗಳನ್ನು ಇಟ್ಟುಕೊಂಡು ಸರಳವಾಗಿ ಬದುಕುವುದನ್ನು ಕಲಿಯುವುದು ಹೇಗೆ ಎಂಬ ವಿಷಯವಾಗಿ ಕೆಲವು ನಿಮಿಷ ಮಾತನಾಡಬೇಕೆಂದು ನನ್ನನ್ನು ಕೇಳಿದ್ದಾರೆ. ಈಗ ನನ್ನ ಮಾತನ್ನು ಕೇಳುತ್ತಿರುವವರಲ್ಲಿ ಒಬ್ಬರನ್ನಾದರೂ ನಾನು ಸ್ಪಷ್ಟವಾಗಿ ಕಲ್ಪಿಸಿಕೊಳ್ಳಬಲ್ಲೆ. ಕಪಾಟನ್ನು ಬರಿದು ಮಾಡಿ, ಅದರಲ್ಲಿದ್ದದ್ದನ್ನೆಲ್ಲ ಮಂಚದ ಮೇಲೆ ಗುಡ್ಡೆ ಹಾಕಿ, ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಕೊಟ್ಟುಬಿಡುವುದು ಎಂದು ತೋಚದೆ ಅದರ ಪಕ್ಕದಲ್ಲಿಯೇ ಕುಳಿತಿರುವವರು ನೀವು. ನಿಮಗೆ ನಾನು ಹೇಳಬೇಕಾದದ್ದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಳಗೆ ಬಂದ ವಸ್ತುವನ್ನು ಹೊರಗೆ ಕಳುಹಿಸುವುದು ಬಹಳ ಕಷ್ಟ. ಬರುವ ಮೊದಲು ಹೊಸ್ತಿಲಲ್ಲಿ ತಡೆಯುವುದು ಸುಲಭ. ಆದ್ದರಿಂದ ಕಪಾಟನ್ನು ಸದ್ಯಕ್ಕೆ ಬಿಡಿ, ಹೊಸ್ತಿಲನ್ನು ಕಾಯಿರಿ.

ಹೊರಗೆ ಕಳುಹಿಸುವುದು ಏಕೆ ಕಷ್ಟ? ನಿಮ್ಮ ಮನಸ್ಸು ದುರ್ಬಲವೆಂದಲ್ಲ, ಎಲ್ಲರ ಮನಸ್ಸೂ ಹಾಗೆಯೇ ಇದೆ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ ಎಂಬ ಮೂವರು ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ತರಗತಿಯ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಅವರು ಒಂದೊಂದು ಸಾಧಾರಣ ಕಾಫಿ ಲೋಟವನ್ನು ಕೊಟ್ಟು, ಅದನ್ನು ಎಷ್ಟಕ್ಕೆ ಮಾರುವಿರಿ ಎಂದು ಕೇಳಿದರು. ಉಳಿದ ಅರ್ಧದವರನ್ನು, ಅದೇ ಲೋಟಕ್ಕೆ ಎಷ್ಟು ಕೊಡುವಿರಿ ಎಂದು ಕೇಳಿದರು. ಕೈಯಲ್ಲಿ ಲೋಟ ಇದ್ದವರು ಹೇಳಿದ ಬೆಲೆ, ಇಲ್ಲದವರು ಕೊಡಲು ಒಪ್ಪಿದ ಬೆಲೆಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿತ್ತು. ಆ ಲೋಟ ಅವರದಾಗಿ ಒಂದು ದಿನವೂ ಆಗಿರಲಿಲ್ಲ, ಅದಕ್ಕೆ ಯಾವ ನೆನಪೂ ಅಂಟಿಕೊಂಡಿರಲಿಲ್ಲ. ‘ನನ್ನದು’ ಎಂದ ಕ್ಷಣದಲ್ಲಿಯೇ ಬೆಲೆ ಏರಿತು, ಅಷ್ಟೆ. ಹಾಗಿರುವಾಗ ಹತ್ತು ವರ್ಷ ನಿಮ್ಮೊಡನೆ ಇದ್ದ ಹರಕು ಚೀಲವನ್ನು ಬಿಟ್ಟುಕೊಡಲಾಗದೆ ಕುಳಿತಿದ್ದೀರೆಂದು ನಿಮ್ಮನ್ನು ನೀವು ಏಕೆ ಬೈದುಕೊಳ್ಳಬೇಕು? ಲೋಟ ಇಲ್ಲದವರ ಸ್ಥಿತಿಯನ್ನು ಗಮನಿಸಿ, ಅವರಿಗೆ ‘ಬೇಡ’ ಎನ್ನಲು ಏನೂ ಕಷ್ಟವಾಗಲಿಲ್ಲ. ಅವರು ನಿಂತಿದ್ದದ್ದು ಹೊಸ್ತಿಲ ಆಚೆ.

ಈಗ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವನ್ನು ಹೇಳುತ್ತೇನೆ. ನನ್ನ ಮಾತನ್ನು ಹಿಂದೆ ಎಲ್ಲಾದರೂ ಕೇಳಿದವರು ಇದನ್ನೂ ಕೇಳಿಯೇ ಇರುತ್ತಾರೆ, ಕ್ಷಮಿಸಬೇಕು.

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ದೆನಿ ದಿದೆರೊ ಎಂಬ ಲೇಖಕನಿದ್ದ. 1751ರಿಂದ 1772ರವರೆಗೆ 28 ಸಂಪುಟಗಳಲ್ಲಿ ಹೊರಬಂದ ಮಹಾ ವಿಶ್ವಕೋಶದ ಮುಖ್ಯ ಸಂಪಾದಕ ಆತನೇ. ಅವನ ಬಳಿ ಮನೆಯಲ್ಲಿ ತೊಡುವ ಒಂದು ಹಳೆಯ ನಿಲುವಂಗಿ ಇತ್ತು. ಪುಸ್ತಕದ ಮೇಲೆ ಧೂಳು ಕುಳಿತರೆ ಅದರ ಅಂಚಿನಿಂದಲೇ ಒರೆಸುತ್ತಿದ್ದ, ಲೇಖನಿಯಲ್ಲಿ ಶಾಯಿ ಗಟ್ಟಿಯಾದರೆ ಅದಕ್ಕೇ ಉಜ್ಜುತ್ತಿದ್ದ, ಹೀಗಾಗಿ ಅದರ ತುಂಬ ಉದ್ದುದ್ದ ಕಪ್ಪು ಗೆರೆಗಳು ಬಿದ್ದಿದ್ದವು. ಆ ಜಾಗಕ್ಕೆ ಕಡುಗೆಂಪು ಬಣ್ಣದ ಸೊಗಸಾದ ಹೊಸ ನಿಲುವಂಗಿಯೊಂದು ಬಂತು. ಬಂದದ್ದು ಒಂದೇ ಒಂದು ಬಟ್ಟೆ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಹೊಸ ಅಂಗಿಯನ್ನು ತೊಟ್ಟು ಕೋಣೆಯಲ್ಲಿ ನಿಂತು ನೋಡಿದರೆ, ನಿನ್ನೆಯವರೆಗೆ ಒಂದಕ್ಕೊಂದು ಹೊಂದಿಕೊಂಡಿದ್ದ ಸಾಮಾನುಗಳೆಲ್ಲ ಕಳೆಗುಂದಿ ಕಂಡವು. ಹುಲ್ಲು ಹೆಣೆದ ಕುರ್ಚಿ ಹೋಗಿ ತೊಗಲು ಹೊದಿಸಿದ ಆರಾಮ ಕುರ್ಚಿ ಬಂತು. ಪುಸ್ತಕಗಳನ್ನು ಹೊತ್ತಿದ್ದ ಬರಿಯ ಹಲಗೆ ಹೋಗಿ ಕುಸುರಿ ಕೆಲಸದ ಕಪಾಟು ಬಂತು. ಮರದ ಹಳೆಯ ಮೇಜನ್ನು ಅದರ ಮೇಲೆ ರಾಶಿ ಬಿದ್ದಿದ್ದ ಕಾಗದಗಳೇ ಬದಲಾಗದಂತೆ ಕಾಪಾಡಿದ್ದವು. ಅದೂ ಹೋಗಿ ಬೆಲೆಬಾಳುವ ಬರೆಯುವ ಮೇಜು ಬಂತು. ಗೋಡೆಯ ಚಿತ್ರಗಳೂ ಬದಲಾದವು. ಇವುಗಳಲ್ಲಿ ಒಂದನ್ನೂ ಅವನು ದುರಾಸೆಯಿಂದ ತರಲಿಲ್ಲ. ಪ್ರತಿಯೊಂದೂ ಅದರ ಹಿಂದಿನದಕ್ಕೆ ಜೊತೆಯಾಗಲೆಂದು ಬಂದದ್ದು, ಮತ್ತು ಪ್ರತಿ ಸಲವೂ ಆ ಕಾರಣ ನ್ಯಾಯವಾಗಿಯೇ ಕಂಡಿರಬೇಕು. 1769ರಲ್ಲಿ ಈ ಕುರಿತು ಅವನೇ ಒಂದು ಪ್ರಬಂಧವನ್ನು ಬರೆದು, ಹಳೆಯ ಅಂಗಿಗೆ ತಾನು ಒಡೆಯನಾಗಿದ್ದೆ, ಹೊಸದಕ್ಕೆ ಆಳಾಗಿದ್ದೇನೆ ಎಂದು ಹಲುಬಿದ. ಸುಮಾರು ಎರಡು ಶತಮಾನಗಳ ಬಳಿಕ, 1988ರಲ್ಲಿ, ಗ್ರಾಂಟ್ ಮೆಕ್‌ಕ್ರಾಕನ್ ಎಂಬ ಮಾನವಶಾಸ್ತ್ರಜ್ಞರು ಒಂದು ವಸ್ತು ಇನ್ನೊಂದನ್ನು ಕರೆತರುವ ಈ ಪರಿಗೆ ‘ದಿದೆರೊ ಪರಿಣಾಮ’ ಎಂದು ಹೆಸರಿಟ್ಟರು.

ಇದರಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವನ್ನು ಇನ್ನೂ ಹೇಳಿಲ್ಲ. ಅಷ್ಟೆಲ್ಲ ಬದಲಾಯಿಸಿದ ದಿದೆರೊ, ನೆಲದ ಮೇಲಿನ ಹಳೆಯ ಹಾಸನ್ನು ಮಾತ್ರ ಬದಲಾಯಿಸಲಿಲ್ಲ. ಆ ಕೋಣೆಗೆ ಅದು ಒಪ್ಪುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಬೆಳಿಗ್ಗೆ ಕೆಂಪು ಅಂಗಿಯಲ್ಲಿ ಒಳಗೆ ಬಂದು ಕಣ್ಣು ತಗ್ಗಿಸಿದಾಗ ಆ ಹಾಸು ತನ್ನ ಮೊದಲಿನ ಸ್ಥಿತಿಯನ್ನು ನೆನಪಿಸುತ್ತದೆ, ಆಗ ಜಂಬವು ತನ್ನ ಎದೆಯ ಬಾಗಿಲಲ್ಲಿಯೇ ನಿಂತುಬಿಡುತ್ತದೆ ಎಂಬ ಅರ್ಥದ ಮಾತನ್ನು ಅವನು ಬರೆದಿದ್ದಾನೆ. ಬಾಗಿಲಲ್ಲಿಯೇ ನಿಲ್ಲುತ್ತದೆ, ಕೇಳಿದಿರಾ! ಅಂಗಿ ಬಂದ ದಿನವೇ ಈ ಬುದ್ಧಿ ಮನೆಯ ಬಾಗಿಲಿನಲ್ಲಿ ನಿಂತಿದ್ದರೆ, ಪಾಪ, ಕುರ್ಚಿ ಉಳಿಯುತ್ತಿತ್ತು, ಮೇಜು ಉಳಿಯುತ್ತಿತ್ತು.

ಹೇಳಬೇಕೆಂದು ಬರೆದುಕೊಂಡು ಬಂದ ಅಂಶಗಳು ಇನ್ನೂ ನಾಲ್ಕಿವೆ, ಆದರೆ ಗಡಿಯಾರ ನನ್ನ ಎದುರಿಗೇ ಇದೆ. ದಿದೆರೊನ ದೆಸೆಯಿಂದ ಅವನ್ನು ಓಡಿಸಿಕೊಂಡು ಹೋಗಬೇಕಾಗಿದೆ.

ಅಪರಿಗ್ರಹ, ಅಂದರೆ ವಸ್ತುಗಳನ್ನು ಕೂಡಿಡದಿರುವ ವ್ರತ, ಎಲ್ಲವನ್ನೂ ಬಿಟ್ಟುಬಿಡುವುದು ಎಂದು ಅನೇಕರು ಹೆದರುತ್ತಾರೆ. ಜೈನ ಧರ್ಮವು ಸರ್ವತ್ಯಾಗವನ್ನು ವಿಧಿಸಿರುವುದು ಮುನಿಗಳಿಗೆ. ಗೃಹಸ್ಥರಿಗೆ ಹೇಳಿರುವ ಅಣುವ್ರತವು, ಎಂದರೆ ಚಿಕ್ಕ ವ್ರತವು, ಪರಿಗ್ರಹ ಪರಿಮಾಣ, ಅಂದರೆ ಇಷ್ಟರವರೆಗೆ ಮಾತ್ರ ಎಂದು ಮೊದಲೇ ಮಿತಿಯನ್ನು ಕಟ್ಟಿಕೊಳ್ಳುವುದು. ಮೊದಲೇ ಎಂಬ ಪದದ ಮೇಲೆ ಒತ್ತು ಕೊಟ್ಟು ಓದಿಕೊಳ್ಳಿ.

ಉಡುಗೊರೆಗಳ ವಿಷಯದಲ್ಲಿ, ನಿಮಗೆ ಕೊಡುವವರಿಗೆ ನಿಮ್ಮ ಮಿತಿಯನ್ನು ಮುಂಚಿತವಾಗಿಯೇ ತಿಳಿಸಿ, ಬಂದ ಮೇಲೆ ಮುಖ ಚಿಕ್ಕದು ಮಾಡಿಕೊಳ್ಳುವುದಕ್ಕಿಂತ ಅದು ಮೇಲು. ಸೋವಿ ದರದ ಮಾರಾಟದ ಬಗ್ಗೆ ಒಂದೇ ವಾಕ್ಯ ಸಾಕು: ಬೇಡದ ವಸ್ತು ಅರ್ಧ ಬೆಲೆಗೆ ಬಂದರೆ ನೀವು ಅರ್ಧವನ್ನು ಉಳಿಸಿಲ್ಲ, ಅರ್ಧವನ್ನು ಕಳೆದಿದ್ದೀರಿ. ಇನ್ನು ಹೆಚ್ಚಾದ ಸಾಮಾನನ್ನು ಅಚ್ಚುಕಟ್ಟಾಗಿ ಇಡಲೆಂದು ಡಬ್ಬಗಳನ್ನೂ ಬುಟ್ಟಿಗಳನ್ನೂ ಕೊಂಡು ತರುವವರ ವಿಷಯದಲ್ಲಿ ನನಗೆ ತಾಳ್ಮೆ ಸಾಲದೆಂದು ವಿನಯದಿಂದಲೇ ಒಪ್ಪಿಕೊಳ್ಳುತ್ತೇನೆ. ಡಬ್ಬವೂ ಹೊಸ್ತಿಲನ್ನು ದಾಟಿಯೇ ಬರಬೇಕಲ್ಲವೇ?

ಮಾಡಬೇಕಾದದ್ದು ಇಷ್ಟೆ. ಏನನ್ನಾದರೂ ಕೊಳ್ಳಬೇಕೆನ್ನಿಸಿದ ದಿನ ಅದರ ಹೆಸರನ್ನೂ ಅಂದಿನ ದಿನಾಂಕವನ್ನೂ ಒಂದು ಚೀಟಿಯಲ್ಲಿ ಬರೆದು, ಅದನ್ನು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿ, 30 ದಿನ ಕಾಯಿರಿ. ಅಷ್ಟು ದಿನದ ನಂತರವೂ ಬೇಕೆನ್ನಿಸಿದರೆ ನಿಸ್ಸಂಕೋಚವಾಗಿ ತನ್ನಿ, ಇಲ್ಲವಾದರೆ ಹೆಸರಿನ ಮೇಲೆ ಗೀಟು ಹಾಕಿ. ನನ್ನ ಚೀಟಿಯಲ್ಲಿ ಈಗ ನಾಲ್ಕು ಹೆಸರುಗಳಿವೆ. ಮೂರರ ಮೇಲೆ ಗೀಟು ಬಿದ್ದಿದೆ. ಅವುಗಳಲ್ಲಿ ಒಂದು ನನಗೆ ಏಕೆ ಬೇಕಾಗಿತ್ತೆಂಬುದೂ ಮರೆತುಹೋಗಿದೆ. ನಾಲ್ಕನೆಯದು ಒಂದು ಮೇಜುದೀಪ. ಕಳೆದ ವರ್ಷ ತಂದ ಹೊಸ ಕುರ್ಚಿಯ ಪಕ್ಕದಲ್ಲಿ ಹಳೆಯ ದೀಪ ಮಂಕಾಗಿ ಕಾಣುತ್ತಿದೆ ಎಂಬುದೇ ಅದಕ್ಕೆ ಕಾರಣ. ಅದರ ಗಡುವಿಗೆ ಇನ್ನೂ 11 ದಿನ ಬಾಕಿ ಇವೆ.

ನಮಸ್ಕಾರ.