ಇನ್ನೊಂದು ಕಣ್ಣು ಇದೆಯಲ್ಲ ಅನ್ನುವವರಿಗೆ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಇವತ್ತು ಬೋನಸ್ ಬಗ್ಗೆ ಮಾತಾಡುತ್ತೇನೆ ಅಂತ ಹೇಳಿದ್ದೆ. ಅದನ್ನು ಮುಂದಕ್ಕೆ ಹಾಕಿದ್ದೇನೆ. ಕಳೆದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ. ಅದನ್ನು ಓದಿದಾಗಿನಿಂದ ತಲೆ ಬಿಸಿಯಾಗಿದೆ.

ಗ್ರೈಂಡಿಂಗ್ ಮಾಡುವಾಗ ಕಬ್ಬಿಣದ ಚೂರು ಸಿಡಿದು ಒಂದು ಕಣ್ಣು ಹೋದರೆ ಪರಿಹಾರ ಎಷ್ಟು ಅಂತ ಹೇಳಿದ್ದೆ, ನೆನಪಿದೆ ಅಲ್ವಾ? ಅದಕ್ಕೆ ಒಬ್ಬರು ಬರೆದಿದ್ದಾರೆ: 'ಇನ್ನೊಂದು ಕಣ್ಣು ಚೆನ್ನಾಗೇ ಇದೆಯಲ್ಲ ಸರ್, ಕೆಲಸ ಮಾಡಬಹುದು. ಅಷ್ಟು ಲಕ್ಷ ಯಾಕೆ?' ಇದಕ್ಕೆ ಒಂದಷ್ಟು ಜನ ಲೈಕ್ ಬೇರೆ ಒತ್ತಿದ್ದಾರೆ.

ಇವತ್ತು ನಾನು ಹೇಳುವುದು ಒಂದೇ ಮಾತು. ಕೈಕೆಲಸದವನ ಒಂದು ಕಣ್ಣು ಹೋದರೆ ಅವನ ಕಸುಬು ಹೋಗುತ್ತದೆ. ಪರಿಹಾರವನ್ನು ಕಸುಬಿನ ಲೆಕ್ಕದಲ್ಲಿ ಕೊಡಬೇಕು. ಎಷ್ಟು ಕಣ್ಣು ಉಳಿದಿದೆ ಅಂತ ಎಣಿಸಿ ಕೊಡಬಾರದು.

ಮೊದಲು ಕಾನೂನು ನೋಡೋಣ. ನಮ್ಮ ದೇಶದಲ್ಲಿ ಈ ಪರಿಹಾರಕ್ಕೆ ಮೂಲ 1923ರ ನೌಕರರ ಪರಿಹಾರ ಕಾಯ್ದೆ. ಈಗ ಅದನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. ಅದರಲ್ಲಿ ಗಾಯಗಳ ಒಂದು ಪಟ್ಟಿ ಇದೆ, ಯಾವ ಗಾಯಕ್ಕೆ ಗಳಿಸುವ ಶಕ್ತಿ ಶೇಕಡ ಎಷ್ಟು ಹೋಯಿತು ಅಂತ. ಕಣ್ಣು ಬೇಕೇ ಬೇಕಾದ ಯಾವ ಕೆಲಸವನ್ನೂ ಮಾಡಲಾಗದಷ್ಟು ನೋಟ ಹೋದರೆ ಶೇಕಡ 100. ಒಂದು ಕಣ್ಣನ್ನೇ ತೆಗೆಯಬೇಕಾಗಿ ಬಂದು, ಇನ್ನೊಂದು ಸರಿಯಾಗಿದ್ದರೆ ಶೇಕಡ 40. ಕಣ್ಣುಗುಡ್ಡೆ ನೋಡುವುದಕ್ಕೆ ಹಾಗೇ ಇದ್ದು ನೋಟ ಮಾತ್ರ ಹೋಗಿದ್ದರೆ ಶೇಕಡ 30. ಬ್ರಿಟನ್ನಿನ ಪಟ್ಟಿಯಲ್ಲೂ ಇದೇ 40, ಇದೇ 30. ಅಲ್ಲಿಯೂ ವೆಲ್ಡರ್‌ಗೆ, ಗುಮಾಸ್ತನಿಗೆ ಒಂದೇ ಅಂಕಿ.

ಈಗ ಆ 'ಅಷ್ಟು ಲಕ್ಷ' ಎಷ್ಟು ಅಂತ ನೋಡೋಣ. ಪೆನ್ ಇದ್ದರೆ ಬರೆದುಕೊಳ್ಳಿ. ಶಾಶ್ವತವಾಗಿ ಪೂರ್ತಿ ಕೈಲಾಗದವರಾದರೆ, ತಿಂಗಳ ಸಂಬಳದ ಶೇಕಡ 60 ತೆಗೆದುಕೊಂಡು, ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. 30 ವರ್ಷದವರಿಗೆ ಆ ಸಂಖ್ಯೆ 207.98. ಸಂಬಳಕ್ಕೂ ಒಂದು ಮಿತಿ ಇಟ್ಟಿದ್ದಾರೆ. 2020ರ ಜನವರಿಯಲ್ಲಿ ಆ ಮಿತಿ 8,000ದಿಂದ 15,000 ರೂಪಾಯಿಗೆ ಏರಿತು. ನಿಮ್ಮ ಕೈಗೆ 25,000 ಬರುತ್ತಿದ್ದರೂ ಈ ಮಿತಿಯ ಪ್ರಕಾರ 15,000 ಅಂತಲೇ ಲೆಕ್ಕ. ಅದರ ಶೇಕಡ 60 ಅಂದರೆ 9,000. ಅದನ್ನು 207.98ರಿಂದ ಗುಣಿಸಿದರೆ 18,71,820. ಒಂದು ಕಣ್ಣಿನ ನೋಟಕ್ಕೆ ಅದರಲ್ಲಿ ಶೇಕಡ 30, ಅಂದರೆ 5,61,546 ರೂಪಾಯಿ.

ದೊಡ್ಡ ಮೊತ್ತ ಅನ್ನಿಸಿತಾ? ಆತ ಇನ್ನೂ 30 ವರ್ಷ ದುಡಿಯಬೇಕಾದವನು. ಅಂದರೆ 360 ತಿಂಗಳು. ಭಾಗಿಸಿ ನೋಡಿ. ತಿಂಗಳಿಗೆ 1,560 ರೂಪಾಯಿ ಆಗುತ್ತದೆ. ಲೈಕ್ ಒತ್ತಿದವರು ಈ ಅಂಕಿಯನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ: ತಿಂಗಳಿಗೆ 1,560!

ಮಧ್ಯದಲ್ಲಿ ಒಂದು ಮಾತು. ಈ ಚಾನೆಲ್‌ನಲ್ಲಿ ಇಂಥ ಲೆಕ್ಕಗಳನ್ನೇ ಮಾಡುತ್ತೇವೆ. ಸಂಬಳದ ಚೀಟಿ, ಪಿಎಫ್, ಗ್ರಾಚ್ಯುಯಿಟಿ ಎಲ್ಲ. ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ಈಗಲೇ ಮಾಡಿಬಿಡಿ. ನಿಮ್ಮ ಶಿಫ್ಟ್ ಗ್ರೂಪಿಗೂ ಕಳಿಸಿ.

ಸರಿ, 'ಇನ್ನೊಂದು ಕಣ್ಣು ಚೆನ್ನಾಗೇ ಇದೆ' ಅನ್ನುವ ಮಾತಿಗೆ ಬರೋಣ. ಒಂದು ಕಣ್ಣು ಮುಚ್ಚಿ. ಒಂದು ಕೈಯಲ್ಲಿ ಪೆನ್, ಇನ್ನೊಂದರಲ್ಲಿ ಕ್ಯಾಪ್. ಎರಡೂ ಕೈ ಉದ್ದಕ್ಕೆ ಚಾಚಿ, ಬೆರಳು ತಾಗಿಸದೆ ಕ್ಯಾಪ್ ಹಾಕಿ. ಆಯಿತಾ? ಕ್ಯಾಮೆರಾ ಹಿಂದೆ ಇರುವ ನಮ್ಮ ಹುಡುಗ ಬೆರಳಿಗೆಲ್ಲ ಇಂಕ್ ಮಾಡಿಕೊಂಡಿದ್ದಾನೆ. ಯಾವುದು ಎಷ್ಟು ಹತ್ತಿರ, ಎಷ್ಟು ದೂರ ಅಂತ ಮೆದುಳು ಲೆಕ್ಕ ಹಾಕುವುದು ಎರಡು ಕಣ್ಣಿನ ಎರಡು ಚಿತ್ರಗಳನ್ನು ಕೂಡಿಸಿ. ಇದು ಜಾಸ್ತಿ ಬೇಕಾಗುವುದು ಕೈಗೆ ಎಟಕುವ ದೂರದಲ್ಲೇ. ಲೇತ್ ಇರುವುದು ಆ ದೂರದಲ್ಲಿ. ಗ್ರೈಂಡರ್ ಇರುವುದೂ ಆ ದೂರದಲ್ಲಿ. ಪ್ರೆಸ್ ಕೆಳಗೆ ಕೈ ಹೋಗುವುದೂ ಅಲ್ಲೇ.

ಪಕ್ಕದ ನೋಟವೂ ಕಡಿಮೆಯಾಗುತ್ತದೆ. ಎರಡು ಕಣ್ಣಿದ್ದರೆ ಅಡ್ಡಕ್ಕೆ ಸುಮಾರು 180 ಡಿಗ್ರಿ ಕಾಣುತ್ತದೆ. ಒಂದೇ ಆದರೆ ಸುಮಾರು 150. ಕಣ್ಣು ಹೋದ ಕಡೆಯಿಂದ ಫೋರ್ಕ್‌ಲಿಫ್ಟ್ ಬಂದರೆ ಗೊತ್ತಾಗುವುದಿಲ್ಲ. ಮೂಗು ಅಡ್ಡ ಇರುತ್ತದೆ. ದಿನ ಕಳೆದಂತೆ ತಲೆ ತಿರುಗಿಸಿ ನೋಡುವ ಅಭ್ಯಾಸ ಆಗುತ್ತದೆ ಅಂತ ವೈದ್ಯರು ಹೇಳುತ್ತಾರೆ, ಅದು ನಿಜ. ಓಡಾಡುವುದು, ಓದುವುದು ಎಲ್ಲ ಸಾಧ್ಯ. ಆದರೆ ತಿರುಗುತ್ತಿರುವ ಯಂತ್ರದ ಮುಂದೆ ಅವನನ್ನು ಮತ್ತೆ ನಿಲ್ಲಿಸುವ ಸೂಪರ್‌ವೈಸರ್ ಯಾರು? ಜೋಡೆತ್ತಿನಲ್ಲಿ ಒಂದು ಹೋದರೆ ಅರ್ಧ ಹೊಲ ಉಳುವುದಿಲ್ಲ, ನೇಗಿಲೇ ನಿಲ್ಲುತ್ತದೆ.

ಇನ್ನೊಂದು ಕಣ್ಣು ಸುರಕ್ಷಿತ ಅಂತ ಯಾರು ಹೇಳಿದ್ದು? ಒಂದು ಕಣ್ಣಿಗೆ ಆಳವಾಗಿ ಚುಚ್ಚಿ ಗಾಯವಾದರೆ, ಅಪರೂಪಕ್ಕೆ, ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ಚೆನ್ನಾಗಿದ್ದ ಕಣ್ಣಿನ ಮೇಲೂ ತಿರುಗಿಬೀಳುತ್ತದೆ. ಕೆಲವರಿಗೆ ವಾರಗಳಲ್ಲಿ, ಕೆಲವರಿಗೆ ವರ್ಷಗಳಾದ ಮೇಲೆ. ಲೂಯಿ ಬ್ರೈಲ್ ಗೊತ್ತಲ್ಲ, ಬ್ರೈಲ್ ಲಿಪಿ ಕೊಟ್ಟವರು. ಮೂರು ವರ್ಷದ ಮಗುವಾಗಿದ್ದಾಗ, ಅಪ್ಪ ಚರ್ಮದ ಕೆಲಸ ಮಾಡುತ್ತಿದ್ದ ಜಾಗದಲ್ಲಿ, ಚರ್ಮಕ್ಕೆ ತೂತು ಹಾಕುವ ಉಪಕರಣ ಒಂದು ಕಣ್ಣಿಗೆ ಚುಚ್ಚಿತು. ಒಂದೇ ಕಣ್ಣಿಗೆ. ಐದು ವರ್ಷ ಆಗುವಷ್ಟರಲ್ಲಿ ಎರಡೂ ಹೋಗಿದ್ದವು. ಹಾಗಾಗಿ 'ಒಂದು ಉಳಿದಿದೆ' ಅಂತ ಧೈರ್ಯ ಹೇಳುವವರು ಸ್ವಲ್ಪ ತಡೆಯಿರಿ.

ಮುಂದಿನ ವಾದ ನನಗೆ ಬಾಯಿಪಾಠವಾಗಿದೆ: 'ಗಾಗಲ್ಸ್ ಹಾಕಿಕೊಂಡಿರಲಿಲ್ಲ, ಅವನದೇ ತಪ್ಪು.' ನಿಲ್ಲಿ! ಚೂರು ಸಿಡಿಯುವ ಕೆಲಸದಲ್ಲಿ ಕಣ್ಣಿಗೆ ಗಾಗಲ್ಸ್ ಅಥವಾ ಅಡ್ಡ ಪರದೆ ಒದಗಿಸಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 35ನೇ ಸೆಕ್ಷನ್‌ನಲ್ಲೇ ಇತ್ತು. ಒದಗಿಸಬೇಕಾದದ್ದು ಮಾಲೀಕರು. ಕೊಟ್ಟದ್ದನ್ನು ಕೆಲಸಗಾರ ಬೇಕೆಂದೇ ಕಡೆಗಣಿಸಿದರೆ ಮಾತ್ರ ಮಾಲೀಕರು ಪರಿಹಾರ ಕೊಡುವುದಿಲ್ಲ ಅನ್ನಬಹುದು. ಅದೂ ಸಾವು ಅಥವಾ ಶಾಶ್ವತ ಪೂರ್ತಿ ಅಸಮರ್ಥತೆ ಆಗಿಲ್ಲದಿದ್ದಾಗ. ಗೀರು ಬಿದ್ದು ಮಂಜಾದ ಒಂದೇ ಗಾಗಲ್ಸ್ ಎಲ್ಲರೂ ಹಂಚಿಕೊಳ್ಳುವ ಶೆಡ್‌ಗಳಿವೆ. ಅದನ್ನು ಹಾಕಿಕೊಂಡರೆ ಕೆಲಸವೇ ಕಾಣುವುದಿಲ್ಲ. ಒಳ್ಳೆಯದು ಕೊಡಿ, ಆಮೇಲೆ ತಪ್ಪು ಹುಡುಕಿ.

'ಸಣ್ಣ ಮಾಲೀಕರು ಮುಳುಗಿಹೋಗುತ್ತಾರೆ' ಅನ್ನುವವರೂ ಇದ್ದಾರೆ. ವಿಮೆ ಇರುವುದು ಯಾವುದಕ್ಕೆ? ಯಂತ್ರಕ್ಕೆ ಮಾಡಿಸುತ್ತೀರಿ, ಗಾಡಿಗೆ ಮಾಡಿಸುತ್ತೀರಿ. ಯಂತ್ರ ಓಡಿಸುವವನಿಗೂ ಮಾಡಿಸಿ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದ್ದವರಿಗೆ ದಾರಿ ಬೇರೆ. ಅಲ್ಲಿ ಗಳಿಸುವ ಶಕ್ತಿ ಎಷ್ಟು ಹೋಯಿತು ಅಂತ ನೋಡಿ ತಿಂಗಳು ತಿಂಗಳು ಹಣ ಕೊಡುತ್ತಾರೆ. ಅದಕ್ಕೆ ಒಂದು ಪೂರ್ತಿ ವಿಡಿಯೋ ಬೇಕು, ಮಾಡುತ್ತೇನೆ.

ನಾನು ಹೇಳುತ್ತಿರುವುದು ಹೊಸ ಮಾತಲ್ಲ. 1975ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಬಡಗಿಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಎಡಗೈ ಮೊಣಕೈ ಮೇಲಿನಿಂದ ಹೋಗಿತ್ತು. ಪರಿಹಾರ ಆಯುಕ್ತರು ಶೇಕಡ 100 ಅಂದಿದ್ದರು. ಇದು ಪೂರ್ತಿ ಅಸಮರ್ಥತೆ ಅಲ್ಲ ಅಂತ ಮಾಲೀಕರು ಅಲ್ಲಿಯವರೆಗೂ ಹೋಗಿದ್ದರು. ಬಲಗೈ ಇತ್ತಲ್ಲ! ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ ಅಂತ ಕೋರ್ಟ್ ಹೇಳಿತು. ಶೇಕಡ 100 ಉಳಿಯಿತು. ನೋಡಿದ್ದು ಕಸುಬನ್ನು. ಹಾಗಾದರೆ ವೆಲ್ಡರ್‌ನ ಕಣ್ಣಿಗೆ, ಟರ್ನರ್‌ನ ಕಣ್ಣಿಗೆ, ಕ್ರೇನ್ ಓಡಿಸುವವನ ಕಣ್ಣಿಗೆ ಯಾಕೆ ಹಾಗೆ ನೋಡಬಾರದು? ಅವನು ಮತ್ತೆ ಅದೇ ಕೆಲಸಕ್ಕೆ ನಿಲ್ಲಬಲ್ಲನೇ ಅಂತ ಕೇಳಿ. ನಿಲ್ಲಲಾರ ಅಂದಮೇಲೆ ಶೇಕಡ 30 ಅನ್ನುವುದು ಯಾವ ನ್ಯಾಯ?

ಪರಿಹಾರ ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಬಡ್ಡಿ ಸೇರುತ್ತದೆ, 1923ರ ಕಾಯ್ದೆಯಲ್ಲಿ ಅದು ವರ್ಷಕ್ಕೆ ಶೇಕಡ 12 ಇತ್ತು. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಶೇಕಡ 50ರವರೆಗೆ ದಂಡ. ಕಂಟ್ರಾಕ್ಟರ್ ಮೂಲಕ ಕೆಲಸಕ್ಕೆ ಬಂದವರು ಮುಖ್ಯ ಮಾಲೀಕರಿಂದಲೂ ಕೇಳಬಹುದು. ಇದನ್ನು ಯಾರೂ ನಿಮಗೆ ಕರೆದು ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

'ಆದರೂ ಸರ್, ಇನ್ನೊಂದು ಕಣ್ಣು...' ಅಂತ ಈಗಲೂ ಯಾರೋ ಟೈಪ್ ಮಾಡುತ್ತಿರುತ್ತಾರೆ. ಬರೆಯಿರಿ. ಎಷ್ಟು ಬೇಕಾದರೂ ಬರೆಯಿರಿ, ನಾನು ಅಳಿಸುವುದಿಲ್ಲ. ಕಸುಬು ಹೋಯಿತು ಅಂತಲೇ ಉತ್ತರ ಕೊಡುತ್ತೇನೆ. ಕಸುಬು ಹೋಯಿತು ಸ್ವಾಮಿ, ಕಸುಬು! ಕಲಿಯುವುದಕ್ಕೆ ವರ್ಷಗಟ್ಟಲೆ ಹಿಡಿದದ್ದು ಒಂದು ಚೂರಿಗೆ ಹೋಯಿತು. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ, ಬೇಕಾಗಿಯೂ ಇಲ್ಲ.

ಬೋನಸ್ ವಿಡಿಯೋ ಮುಂದಿನ ವಾರ ಖಂಡಿತ. ಅಷ್ಟರಲ್ಲಿ ನಿಮಗೋ ಜೊತೆಯವರಿಗೋ ಕಣ್ಣಿಗೆ ಪೆಟ್ಟಾಗಿದ್ದರೆ ಅವತ್ತೇ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಆಸ್ಪತ್ರೆಯ ಚೀಟಿಗಳನ್ನೆಲ್ಲ ಇಟ್ಟುಕೊಳ್ಳಿ, ಎರಡು ವರ್ಷದೊಳಗೆ ಅರ್ಜಿ ಹಾಕಿ. ಸ್ವಲ್ಪ ಹಣ ಕೈಗಿಟ್ಟು 'ಇನ್ನು ಏನೂ ಕೇಳುವುದಿಲ್ಲ' ಅಂತ ಬರೆಸಿಕೊಳ್ಳಲು ಬಂದರೆ ಸಹಿ ಹಾಕಬೇಡಿ. ಹಾಕಿಬಿಟ್ಟಿದ್ದರೂ ಹೆದರಬೇಡಿ, ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಂಥ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ.